ಮರಳಿ ಬಂದ ಸೈನಿಕರ ಬಾಳನ್ನು ಯಾರು ಬರೆದಿಡಬೇಕು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಸುದ್ದಿ ಬರುವ ಪುಟದಲ್ಲಿ ಆಗಾಗ ಒಂದು ಕಿರುಸುದ್ದಿ ಕಾಣಿಸುತ್ತದೆ. ಮಾಜಿ ಸೈನಿಕರೊಬ್ಬರು ವಯೋಸಹಜ ಕಾಯಿಲೆಯಿಂದ ನಿಧನರಾದರು, 1965ರ ಇಲ್ಲವೇ 1971ರ ಯುದ್ಧದಲ್ಲಿ ಪಾಲ್ಗೊಂಡಿದ್ದರು, ಪತ್ನಿ, ಮಕ್ಕಳು, ಮೊಮ್ಮಕ್ಕಳು ಹಾಗೂ ಅಪಾರ ಬಂಧು-ಬಳಗವನ್ನು ಅಗಲಿದ್ದಾರೆ, ಅಂತ್ಯಕ್ರಿಯೆ ಸ್ವಗ್ರಾಮದ ತೋಟದಲ್ಲಿ ನೆರವೇರಿತು. ಎಂಬತ್ತು, ಕೆಲವೊಮ್ಮೆ ತೊಂಬತ್ತು ವರ್ಷಗಳ ಬಾಳು ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ. ಅದೇ ಊರಿನ ಇಪ್ಪತ್ತೈದರ ತರುಣನೊಬ್ಬ ಗಡಿಯಲ್ಲಿ ಮಡಿದರೆ ಇಡೀ ತಾಲ್ಲೂಕು ಅವನ ಮನೆ ಮುಂದೆ ನೆರೆಯುತ್ತದೆ. ಶಾಲೆಯ ಮಕ್ಕಳು ರಸ್ತೆಯ ಎರಡೂ ಬದಿಗೆ ನಿಲ್ಲುತ್ತಾರೆ, ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಸಲ್ಲಿಸುತ್ತಾರೆ, ವರ್ಷ ಕಳೆಯುವುದರೊಳಗೆ ಊರಿನ ವೃತ್ತಕ್ಕೆ ಅವನ ಹೆಸರು ಬರುತ್ತದೆ. ಆ ಗೌರವ ಅವನಿಗೆ ಪೂರ್ತಿಯಾಗಿ ಸಲ್ಲಬೇಕಾದದ್ದು. ಅದರಲ್ಲಿ ಒಂದು ಹೂವೂ ಕಡಿಮೆಯಾಗಬೇಕೆಂದು ಯಾರೂ ಹೇಳಲಾರರು. ನನ್ನ ಕಳವಳ ಇರುವುದು ಇನ್ನೊಂದು ಕಡೆ. ಸೈನಿಕನ ಸಾವನ್ನು ನೆನಪಿಡುವ ರೀತಿ-ರಿವಾಜು ನಮ್ಮಲ್ಲಿ ಬೇಕಾದಷ್ಟಿದೆ. ಯುದ್ಧ ಮುಗಿಸಿ ಊರಿಗೆ ಬಂದು, ಹೊಲ ಮಾಡಿ, ಮಕ್ಕಳನ್ನು ದಡ ಸೇರಿಸಿ, ಮೊಮ್ಮಕ್ಕಳ ಕೈಯಲ್ಲಿ ನೀರು ಕುಡಿದು ಹೋದವನ ಬದುಕನ್ನು ನೆನಪಿಡುವ ಯಾವ ಏರ್ಪಾಡೂ ಇಲ್ಲ. ಆ ಏರ್ಪಾಡು ಈಗಲೇ ಆಗಬೇಕು, ಮತ್ತು ಅದು ತಾಲ್ಲೂಕಿನ ಮಟ್ಟದಲ್ಲೇ ಆಗಬೇಕು ಎಂಬುದು ನನ್ನ ವಾದ.

ಮೊದಲು ಅಂಕಿ-ಸಂಖ್ಯೆ ನೋಡೋಣ. ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೈನ್ಯ ಸುಮಾರು 25 ಲಕ್ಷಕ್ಕೆ ಬೆಳೆದಿತ್ತು. ಅವರಲ್ಲಿ ಮಡಿದವರು ಸುಮಾರು 87 ಸಾವಿರ. ಅಂದರೆ ನೂರು ಮಂದಿ ಹೋದರೆ ತೊಂಬತ್ತಾರು ಮಂದಿ ಮರಳಿ ಬಂದರು. 1971ರ ಯುದ್ಧದಲ್ಲಿ ನಮ್ಮ ಕಡೆ ಜೀವ ತೆತ್ತವರು ನಾಲ್ಕು ಸಾವಿರದ ಆಸುಪಾಸು. ಆ ಯುದ್ಧದಲ್ಲಿ ಬಂದೂಕು ಹಿಡಿದವರು, ಲಾರಿ ಓಡಿಸಿದವರು, ತಂತಿ ಎಳೆದವರು, ಸೇತುವೆ ಕಟ್ಟಿದವರು ಲಕ್ಷಗಟ್ಟಲೆ. ಯುದ್ಧದ ಅನುಭವದ ಬಹುಪಾಲು ಸ್ಮಾರಕದ ಕಲ್ಲಿನಲ್ಲಿ ಇಲ್ಲ, ಹಳ್ಳಿಯ ಕಟ್ಟೆಯ ಮೇಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮೊದಲ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸರ್ಕಾರ ಹಳೆಯ ಮುಂಬೈ ಪ್ರಾಂತದ ಹಲವು ಹಳ್ಳಿಗಳಲ್ಲಿ ಸಣ್ಣ ಅಮೃತಶಿಲೆಯ ಫಲಕಗಳನ್ನು ನೆಡಿಸಿತು. ಈ ಊರಿನಿಂದ 1914-1919ರ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂಬ ಎರಡು ಸಂಖ್ಯೆಗಳು ಅದರಲ್ಲಿರುತ್ತವೆ, ಹೆಸರು ಇರುವುದಿಲ್ಲ. ಮೊದಲನೆಯ ಸಂಖ್ಯೆಯಿಂದ ಎರಡನೆಯದನ್ನು ಕಳೆದರೆ ಉಳಿಯುವವರೇ ನಾನು ಹೇಳುತ್ತಿರುವ ಜನ. ನೂರು ವರ್ಷದ ಮೇಲೂ ಅವರು ಕಳೆದು ಬಂದ ಶೇಷವಾಗಿಯೇ ಉಳಿದಿದ್ದಾರೆ.

ಮರಳಿ ಬಂದವರನ್ನು ಹೀಗೆ ಮರೆಯುವುದು ಬ್ರಿಟಿಷರು ಕಲಿಸಿದ ಪಾಠವೇನೂ ಅಲ್ಲ, ನಮ್ಮದೇ ಹಳೆಯ ಮನಸ್ಸು. ಕರ್ನಾಟಕದಷ್ಟು ವೀರಗಲ್ಲುಗಳಿರುವ ನಾಡು ಅಪರೂಪ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಈ ಮೂರು ಹಂತಗಳಲ್ಲಿ ಗೆದ್ದು ಮನೆಗೆ ಬಂದವನಿಗೆ ಜಾಗವಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಈ ಮನಸ್ಸಿಗೆ ಹಿಡಿದ ಕನ್ನಡಿ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಪರವಾಗಿ ಕಾದಿ ಗೆದ್ದು ಬದುಕಿ ಬಂದವನು ಮಣಲೇರ. ಮೆಚ್ಚಿದ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ ಸತ್ತಿತು, ಅದರ ನೆನಪಿಗೆ ಕ್ರಿ.ಶ. 949-50ರಲ್ಲಿ ಕಲ್ಲು ನಿಂತಿತು. ಆ ಕಲ್ಲಿನಲ್ಲಿ ಮಣಲೇರನ ಪರಾಕ್ರಮವೂ ಇದೆ, ಅದಕ್ಕೇ ನಮಗೆ ಅವನ ಹೆಸರು ಗೊತ್ತು. ಆದರೆ ಕಲ್ಲು ನಿಲ್ಲಲು ಒಂದು ಸಾವು ಬೇಕಾಯಿತು. ಮಣಲೇರ ಮುಂದೆ ಎಷ್ಟು ವರ್ಷ ಬಾಳಿದ, ಮುಪ್ಪಿನಲ್ಲಿ ತಕ್ಕೋಲವನ್ನು ಹೇಗೆ ನೆನೆಯುತ್ತಿದ್ದ ಎಂಬುದನ್ನು ಬರೆಯಬೇಕೆಂದು ಯಾರಿಗೂ ತೋಚಲಿಲ್ಲ.

ಈಚಿನ ಕಾಲಕ್ಕೆ ಬಂದರೂ ಅದೇ. ಬೆಳಗಾವಿಯಲ್ಲಿ 1922ರಿಂದ ಕೇಂದ್ರವಿರುವ ಮರಾಠಾ ಲಘು ಪದಾತಿ ದಳ 1768ರಲ್ಲಿ ಹುಟ್ಟಿದ್ದು. ಈ ಐದು ತಾಲ್ಲೂಕುಗಳ ಹುಡುಗರಿಗೆ ಮಿಲಿಟರಿ ಎಂದರೆ ಮೊದಲು ಕಣ್ಣಿಗೆ ಬರುವುದು ಆ ಕೇಂದ್ರದ ಭರತಿ ಮೈದಾನ. ಆ ಪಲ್ಟಣಕ್ಕೆ ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ನೆಲದಲ್ಲಿ ಎರಡು ವಿಕ್ಟೋರಿಯಾ ಕ್ರಾಸ್ ಬಂದವು. 1944ರ ಜುಲೈ 10ರಂದು ಒಬ್ಬನೇ ಮಷಿನ್‌ಗನ್ ಠಾಣೆಯ ಮೇಲೆ ನುಗ್ಗಿ ಅದನ್ನು ಹಿಡಿದು ಅಲ್ಲೇ ಗುಂಡಿಗೆ ಬಲಿಯಾದ ಯಶವಂತ ಘಾಡ್ಗೆ ಅವರಿಗೆ ಆಗ 22 ವರ್ಷ. 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಂಡೆಯಲ್ಲಿ ಗುಂಡಿನ ಮಳೆಯ ನಡುವೆ ಗಾಯಗೊಂಡ ಜೊತೆಗಾರರನ್ನು ಹೊತ್ತು ತಂದು, ಮತ್ತೆ ತಿರುಗಿ ಹೋಗಿ ಶತ್ರುವಿನ ಠಾಣೆಗಳನ್ನು ಹೊಡೆದುಹಾಕಿದ ನಾಮದೇವ ಜಾಧವ್ 1984ರವರೆಗೆ ಬಾಳಿದರು. ಇಬ್ಬರ ಬಗೆಗೂ ನಾವು ಓದುವುದು ಒಂದೊಂದೇ ದಿನದ ಕಥೆ. ಘಾಡ್ಗೆ ಅವರ ಕಥೆ ಅಂದಿಗೇ ಮುಗಿದಿತ್ತು, ಸರಿ. ಜಾಧವ್ ಅವರಿಗೆ ಆ ದಿನದ ನಂತರ 39 ವರ್ಷಗಳಿದ್ದವು. ನಮ್ಮದೇ ಕಾರವಾರದ ಚೆಂಡಿಯಾದ ರಾಮಾ ರಾಘೋಬಾ ರಾಣೆ ಪರಮವೀರ ಚಕ್ರವನ್ನು ಜೀವಂತವಾಗಿ ಪಡೆದ ಮೊದಲಿಗರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಯ ದಾರಿಯಲ್ಲಿ ನೆಲಬಾಂಬು ಕಿತ್ತು, ಬಿದ್ದ ಮರಗಳನ್ನು ಸರಿಸಿ, ಗಾಯಗೊಂಡರೂ ನಿಲ್ಲದೆ ಟ್ಯಾಂಕುಗಳಿಗೆ ಹಾದಿ ಬಿಡಿಸಿಕೊಟ್ಟವರು ಅವರು. 1994ರಲ್ಲಿ ಪುಣೆಯಲ್ಲಿ ತೀರಿಕೊಂಡಾಗ 76 ವರ್ಷ. ಕಾರವಾರದ ಕಡಲ ದಂಡೆಯಲ್ಲಿ ಅವರ ಪುತ್ಥಳಿ ನಿಂತದ್ದು 2006ರಲ್ಲಿ. ಏಪ್ರಿಲ್‌ನ ಆ ನಾಲ್ಕು ದಿನಗಳು ಪಠ್ಯಕ್ಕೆ ಬಂದವು, ಉಳಿದ 46 ವರ್ಷಗಳು ಮನೆಯವರ ಪಾಲಿಗೇ ಉಳಿದವು. ಪರಮವೀರರ ಸ್ಥಿತಿಯೇ ಹೀಗಿದ್ದರೆ ಪದಕವಿಲ್ಲದ ಹವಾಲ್ದಾರನ ಮಾತು ಯಾರು ಕೇಳಬೇಕು?

ಯುದ್ಧದ ನಂತರದ ವರ್ಷಗಳಲ್ಲಿ ಬರೆದಿಡುವಂಥದ್ದು ಏನಿದೆ ಎಂದು ಕೆಲವರು ಕೇಳಬಹುದು. ಹೆಚ್ಚು ಇರುವುದೇ ಅಲ್ಲಿ. ಒಬ್ಬ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಪೂರ್ತಿ ಸಿಕ್ಕರೂ ಮೂರು ತಿಂಗಳು. ಯುದ್ಧ ಬಂದರೆ ಅದೂ ರದ್ದು. 17 ವರ್ಷ ನೌಕರಿ ಮಾಡಿದವನು ಹೆಚ್ಚೆಂದರೆ ನಾಲ್ಕು ವರ್ಷದಷ್ಟು ಕಾಲ ಮನೆಯಲ್ಲಿದ್ದಾನು. ಹದಿನೆಂಟಕ್ಕೆ ಭರತಿಯಾಗಿ, ಮೂವತ್ತೈದರ ಹೊತ್ತಿಗೆ ಪೆನ್ಶನ್ ತಗೊಂಡು ಊರಿಗೆ ಬರುವಾಗ ಅವನ ದೊಡ್ಡ ಮಗನಿಗೆ ಹತ್ತೋ ಹನ್ನೆರಡೋ ವರ್ಷ. ಆ ಮಗನಿಗೆ ಅಪ್ಪ ಅಂದರೆ ಟ್ರಂಕು ಹೊತ್ತು ಬಂದು ಟ್ರಂಕು ಹೊತ್ತು ಹೋಗುವ ಮನುಷ್ಯ. ತಂದೆಯಾಗುವುದನ್ನು, ಗಂಡನಾಗುವುದನ್ನು, ಅಣ್ಣತಮ್ಮಂದಿರ ಪಾಲಿನ ತಕರಾರಿನಲ್ಲಿ ಕೂತು ಮಾತಾಡುವುದನ್ನು ಅವನು ಮೂವತ್ತೈದರ ಮೇಲೆ ಕಲಿಯಬೇಕು. ಅಷ್ಟು ದಿನ ಮಳೆ ನೋಡಿ ಬಿತ್ತಿದವಳು, ಸೊಸೈಟಿಯ ಸಾಲ ತೀರಿಸಿದವಳು, ಅತ್ತೆ-ಮಾವನ ಔಷಧಿಗೆ ಓಡಾಡಿದವಳು, ಮನಿ ಆರ್ಡರ್ ಬಂದ ದಿನ ಹೆಬ್ಬೆಟ್ಟು ಒತ್ತಿ ಹಣ ಎಣಿಸಿಕೊಂಡವಳು ಅವನ ಹೆಂಡತಿ. ಸೈನಿಕನ ದೀರ್ಘ ಬಾಳನ್ನು ನೆನೆಯುವುದೆಂದರೆ ಅದರಲ್ಲಿ ಅರ್ಧ ಆಕೆಯದು. ಕೃಷ್ಣೆ, ದೂಧಗಂಗಾ, ವೇದಗಂಗೆಯ ದಂಡೆಯ ಊರುಗಳಲ್ಲಿ ಹೊಳೆ ಏರಿದಾಗ ದನಕರು ಬಿಚ್ಚಿಕೊಂಡು ಮಕ್ಕಳನ್ನು ಎತ್ತಿಕೊಂಡು ಎತ್ತರಕ್ಕೆ ಹೋದ ಆಕೆಯ ವರ್ಷಗಳಿಗೆ ಯಾವ ಪದಕವೂ ಇಲ್ಲ. ಊರಿಗೆ ಬಂದವನ ಎರಡನೆಯ ನೌಕರಿಯೂ ಇದೆ: ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು, ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಾವಲು ನಿಂತು, ಇಲ್ಲವೇ ಅಥಣಿಯ ಪೂರ್ವದ ಒಣ ಭೂಮಿಯಲ್ಲಿ ಬಾವಿ ತೋಡಿಸಿ ನೀರಿಗಾಗಿ ಕಾದು. ಭರತಿಗೆ ಹೋಗುವ ಹುಡುಗರನ್ನು ನಸುಕಿನಲ್ಲಿ ಎಬ್ಬಿಸಿ ಓಡಿಸಿದವನು ಅವನೇ. ಊರ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಮಕ್ಕಳಿಗೆ ಹೆಜ್ಜೆ ಹಾಕುವುದನ್ನು ಕಲಿಸಿದವನೂ ಅವನೇ. ಈ ತಾಲ್ಲೂಕುಗಳ ಸಾಮಾಜಿಕ ಚರಿತ್ರೆಯನ್ನು ಯಾರಾದರೂ ಬರೆಯುವ ದಿನ ಬಂದರೆ, ಈ ಮನುಷ್ಯರನ್ನು ಬಿಟ್ಟು ಅದನ್ನು ಬರೆಯಲಾಗದು.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೊದಲನೆಯದು ಗಂಭೀರವಾದದ್ದು. ಪ್ರಾಣ ಕೊಟ್ಟವನನ್ನೂ ಪೆನ್ಶನ್ ತೆಗೆದುಕೊಂಡು ಬಾಳಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಹುತಾತ್ಮರ ಕುಟುಂಬಕ್ಕೆ ಮಾಡುವ ಅನ್ಯಾಯವಲ್ಲವೇ? ಸಾಲು ಒಂದೇ ಆಗಬೇಕಿಲ್ಲ. ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅಲ್ಲಿ ಮಡಿದವರ ಹೆಸರು ಮಾತ್ರ ಇರಬೇಕು, ಅದು ಸರಿ. ನಾನು ಕೇಳುತ್ತಿರುವುದು ಕಲ್ಲನ್ನಲ್ಲ, ದಾಖಲೆಯನ್ನು. ಅದೂ ಅಲ್ಲದೆ, ಮಡಿದವನನ್ನು ಚೆನ್ನಾಗಿ ಬಲ್ಲವನು ಮರಳಿ ಬಂದ ಅವನ ಜೊತೆಗಾರ. ಕೊನೆಯ ರಾತ್ರಿ ಅವನು ಏನು ಮಾತಾಡಿದ, ಯಾರಿಗೆ ಕಾಗದ ಬರೆದ, ಏನು ತಿನ್ನಬೇಕೆಂದು ಆಸೆಪಟ್ಟ ಎಂಬುದು ಬಂಕರಿನಲ್ಲಿ ಪಕ್ಕಕ್ಕಿದ್ದವನಿಗೆ ಗೊತ್ತು. ಜೊತೆಗಾರನ ಮಾತನ್ನು ಕೇಳದೆ ಬಿಟ್ಟರೆ ಹುತಾತ್ಮನೂ ಒಂದು ಫೋಟೊ, ಒಂದು ದಿನಾಂಕವಾಗಿ ಉಳಿಯುತ್ತಾನೆ.

ಎರಡನೆಯ ಆಕ್ಷೇಪ ಶಾಂತಿಯನ್ನು ಬಯಸುವವರದು: ಸೈನಿಕರ ಸ್ಮರಣೆ ಎಂದೊಡನೆ ಯುದ್ಧದ ವೈಭವೀಕರಣ ಶುರುವಾಗುತ್ತದೆ, ಎಳೆಯರ ತಲೆಗೆ ರಕ್ತದ ಅಮಲು ಏರುತ್ತದೆ ಎಂಬುದು ಅವರ ಭಯ. ಭಯ ಸುಳ್ಳಲ್ಲ. ಆದರೆ ಆ ಅಮಲಿಗೆ ಮದ್ದಿದ್ದರೆ ಅದು ಯುದ್ಧವನ್ನು ಕಣ್ಣಾರೆ ಕಂಡು ಬಂದ ಮುದುಕನ ಹತ್ತಿರವೇ ಇದೆ. ಟಿವಿಯಲ್ಲಿ ಗಂಟಲು ಹರಿದುಕೊಂಡು ಯುದ್ಧ ಬೇಕು ಎನ್ನುವವರಿಗೂ ಅವನಿಗೂ ಇರುವ ಅಂತರ ದೊಡ್ಡದು. 1962ರಲ್ಲಿ ಹಿಮದಲ್ಲಿ ನಿಂತವರ ಮೈಮೇಲೆ ಚಳಿಗೆ ತಕ್ಕ ಬಟ್ಟೆ ಇರಲಿಲ್ಲ, ಕಾಲಲ್ಲಿ ಕ್ಯಾನ್ವಾಸ್ ಬೂಟು. 1971ರಲ್ಲಿ ಶರಣಾದ ಸುಮಾರು 93 ಸಾವಿರ ಮಂದಿಯನ್ನು ಕಾದವರು, ಅವರಿಗೆ ಅನ್ನ ಹಾಕಿದವರು ನಮ್ಮ ಜವಾನರು. ಎದುರಾಳಿಯನ್ನು ಅಷ್ಟು ಹತ್ತಿರದಿಂದ, ಸೋತ ಮನುಷ್ಯನಾಗಿ ಕಂಡವರು ಬೇರೆ ಯಾರಿದ್ದಾರೆ? ದೀರ್ಘ ಬಾಳಿನ ನೆನಪಿನಲ್ಲಿ ಹೆದರಿಕೆ, ಹಸಿವು, ಮೇಲಧಿಕಾರಿಯ ತಪ್ಪು, ಗೆಳೆಯನ ಹೆಣ, ನಡುರಾತ್ರಿ ಎಚ್ಚರವಾಗುವ ಮುಪ್ಪು ಎಲ್ಲವೂ ಬರುತ್ತದೆ. ಸಾವಿನ ಮೆರವಣಿಗೆಯಲ್ಲಿ ಇವಕ್ಕೆ ಜಾಗ ಸಿಗುವುದಿಲ್ಲ. ಯುದ್ಧದ ಬೆಲೆ ಏನೆಂದು ಮಕ್ಕಳಿಗೆ ತಿಳಿಯಬೇಕಿದ್ದರೆ ಬದುಕಿ ಬಂದವರನ್ನೇ ಕೇಳಬೇಕು.

ಬ್ರಿಟಿಷರ ಸಂಬಳಕ್ಕೆ ದುಡಿದವರನ್ನು ಯಾಕೆ ನೆನೆಯಬೇಕು ಎಂಬ ಪ್ರಶ್ನೆಯೂ ಇದೆ. ಮೆಸೊಪೊಟೇಮಿಯಾ, ಎರಿಟ್ರಿಯ, ಇಟಲಿ, ಬರ್ಮಾಗಳಿಗೆ ಹೋದವರ ಬಗ್ಗೆ ಸ್ವತಂತ್ರ ಭಾರತ ಬಹುಕಾಲ ಬಾಯಿ ಬಿಡದೆ ಇದ್ದದ್ದು ಇದೇ ಮುಜುಗರದಿಂದ. ಆದರೆ ಮಳೆ ಕೈಕೊಟ್ಟ ವರ್ಷ ಪಲ್ಟಣ ಸೇರಿ ಮನೆಗೆ ರೂಪಾಯಿ ಕಳಿಸಿದ ಹುಡುಗನಿಗೂ ಸಾಮ್ರಾಜ್ಯ ಕಟ್ಟಿದವರಿಗೂ ಹೊಣೆ ಒಂದೇ ಅಲ್ಲ. ರಾಣೆ ಅವರೇ 1940ರಲ್ಲಿ ಬ್ರಿಟಿಷ್ ಭಾರತದ ಸೈನ್ಯಕ್ಕೆ ಸೇರಿ ಬರ್ಮಾದಲ್ಲಿ ಕಾದಿದವರು. ಎಂಟೇ ವರ್ಷದಲ್ಲಿ ಅದೇ ಕೈಗಳು ಸ್ವತಂತ್ರ ದೇಶಕ್ಕೆ ರಜೌರಿಯ ಹಾದಿ ತೆರೆದವು. ಬಾಳನ್ನು ತುಂಡು ಮಾಡಿ ಇದು ಪೂಜ್ಯ, ಇದು ವರ್ಜ್ಯ ಎಂದು ವಿಂಗಡಿಸಲು ಬರುವುದಿಲ್ಲ.

ಇನ್ನು ಮಾಜಿ ಸೈನಿಕರಿಗೆ ಏನು ಕಡಿಮೆಯಾಗಿದೆ, ಪೆನ್ಶನ್ ಇದೆ, ಕ್ಯಾಂಟೀನ್ ಇದೆ, ಮೀಸಲಾತಿ ಇದೆ ಎನ್ನುವವರಿಗೆ ಒಂದು ಮಾತು. ಒಂದು ರ‍್ಯಾಂಕಿಗೆ ಒಂದು ಪೆನ್ಶನ್ 2014ರ ಜುಲೈ 1ರಿಂದ ಅನ್ವಯವಾಗುವಂತೆ ಬಂದದ್ದು ದಶಕಗಳ ಹೋರಾಟದ ಮೇಲೆ. ಅದು ಅವರ ಹಕ್ಕು, ಉಪಕಾರವಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯವನ್ನು ಕಿರಿದು ಮಾಡಿ ಮನೆಗೆ ಕಳಿಸಿದ ಲಕ್ಷಾಂತರ ಜನರಿಗೆ ಪೆನ್ಶನ್ ಕೂಡ ಇರಲಿಲ್ಲ. ಹಣ ಸಿಕ್ಕಿತೆಂಬ ಕಾರಣಕ್ಕೆ ಮಾತು ಕೇಳುವ ಹೊಣೆ ತೀರುವುದಿಲ್ಲ. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಪೆನ್ಶನ್‌ದಾರ ತಾನು ಬದುಕಿದ್ದೇನೆಂದು ಜೀವನ ಪ್ರಮಾಣ ಪತ್ರ ಕೊಡಬೇಕು. ಸರ್ಕಾರಿ ವ್ಯವಸ್ಥೆ ಅವನಿಗೆ ನಿಯಮಿತವಾಗಿ ಕೇಳುವ ಪ್ರಶ್ನೆ ಅದೊಂದೇ. ಮಾಜಿ ಸೈನಿಕರ ದಿನವೆಂದು ಜನವರಿ 14 ಗೊತ್ತಾಗಿದೆ. 1953ರ ಆ ದಿನ ಕೊಡಗಿನ ಕಾರ್ಯಪ್ಪನವರು ಸೇನಾ ಮುಖ್ಯಸ್ಥರ ಸ್ಥಾನದಿಂದ ನಿವೃತ್ತರಾದದ್ದು ಅದಕ್ಕೆ ಕಾರಣ. ನಮ್ಮ ಕಡೆ ಅದು ಸಂಕ್ರಾಂತಿಯ ಹೊತ್ತು. ಜನ ಹೊಳೆಯ ಸ್ನಾನಕ್ಕೆ, ಎಳ್ಳು-ಬೆಲ್ಲಕ್ಕೆ ಹೋಗಿರುತ್ತಾರೆ, ದಿನ ಯಾರಿಗೂ ತಿಳಿಯದೆ ಕಳೆದುಹೋಗುತ್ತದೆ. 1993ರಲ್ಲಿ 94ರ ವಯಸ್ಸಿನಲ್ಲಿ ತೀರಿಕೊಂಡ ಕಾರ್ಯಪ್ಪನವರ ದೀರ್ಘ ಬಾಳಿನ ಬಗ್ಗೆ ಪುಸ್ತಕಗಳಿವೆ, ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ ಈಗ ವಸ್ತುಸಂಗ್ರಹಾಲಯ. ಜನರಲ್‌ಗಳಿಗೆ ಸಂದದ್ದು ಸಿಪಾಯಿಗೂ ಅವನ ಅಳತೆಯಲ್ಲಿ ಸಲ್ಲಲಿ.

ಮುದುಕರ ನೆನಪನ್ನು ನಂಬಬಹುದೇ ಎಂಬುದು ಇತಿಹಾಸಕಾರರ ಅನುಮಾನ. ಐವತ್ತು ವರ್ಷದ ಮೇಲೆ ದಿನಾಂಕ ತಪ್ಪುತ್ತದೆ, ಕೇಳಿದ್ದು ಕಂಡದ್ದರ ಜೊತೆ ಬೆರೆಯುತ್ತದೆ, ನಿಜ. ಆದರೆ ದಿನಾಂಕ ತಿಳಿಯಲು ಬೇರೆ ದಾರಿ ಇದೆ. ಮರಾಠಾ ಲಘು ಪದಾತಿ ದಳದ ಮೊದಲನೆಯ ಬೆಟಾಲಿಯನ್ 1971ರ ಡಿಸೆಂಬರ್ 10ರ ರಾತ್ರಿ ಜಮಾಲ್‌ಪುರದ ಹೊರಗೆ ಹೇಗೆ ದಾರಿ ಕಟ್ಟಿ ಕೂತಿತ್ತು, ಮರುದಿನ ಪಟ್ಟಣ ಹೇಗೆ ಕೈಗೆ ಬಂತು ಎಂಬುದು ಸೈನ್ಯದ ದಾಖಲೆಯಲ್ಲಿದೆ. ಆ ರಾತ್ರಿ ಕಂದಕದಲ್ಲಿ ಕೂತವನ ಹೊಟ್ಟೆಗೆ ಏನಿತ್ತು, ಮನೆಯಿಂದ ಬಂದ ಕೊನೆಯ ಕಾಗದದಲ್ಲಿ ಏನಿತ್ತು, ಯುದ್ಧ ಮುಗಿದ ಸುದ್ದಿ ಊರಿಗೆ ಮುಟ್ಟಲು ಎಷ್ಟು ದಿನ ಹಿಡಿಯಿತು ಎಂಬುದು ಯಾವ ಕಡತದಲ್ಲೂ ಸಿಗದು. ಎರಡನ್ನೂ ಪಕ್ಕಪಕ್ಕಕ್ಕಿಟ್ಟು ಓದುವುದು ಇತಿಹಾಸಕಾರನ ಕೆಲಸ. ಗಡಿನಾಡಿನಲ್ಲಿ ಇನ್ನೊಂದು ಎಡವಟ್ಟು ಆಗಬಹುದು: ಈ ನೆನಪುಗಳನ್ನು ಕನ್ನಡದ್ದೆಂದೋ ಮರಾಠಿಯದೆಂದೋ ಎಳೆದಾಡುವುದು. ಇಲ್ಲಿಯ ಫೌಜಿ ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು, ಪಲ್ಟಣದಲ್ಲಿ ಹಿಂದಿ ಆಡಿದವನು. ಗಡಿಯಾಚೆ ಶಿರೋಳ ತಾಲ್ಲೂಕಿನಲ್ಲಿ ಮನೆಗೊಬ್ಬ ಸೈನಿಕನೆಂದು ಹೆಸರಾದ ಸೈನಿಕ ಟಾಕಳಿ ಇದೆ. ಕಾಗವಾಡದವನಿಗೂ ಟಾಕಳಿಯವನಿಗೂ ಕಂದಕ ಒಂದೇ ಆಗಿತ್ತು. ಅವನು ಯಾವ ಭಾಷೆಯಲ್ಲಿ ಹೇಳುತ್ತಾನೋ ಅದೇ ಭಾಷೆಯಲ್ಲಿ ದಾಖಲಿಸಿದರೆ ಈ ಜಗಳ ಹುಟ್ಟುವುದೇ ಇಲ್ಲ.

ಆಗದ ಕೆಲಸವೇನೂ ಅಲ್ಲ ಇದು. ಮೊದಲ ಮಹಾಯುದ್ಧ ಮುಗಿದಾಗ ಪಂಜಾಬಿನಲ್ಲಿ ಹಳ್ಳಿ ಹಳ್ಳಿಗೂ ಹೋಗಿ, ಮಡಿದವರು ಮರಳಿದವರು ಎನ್ನದೆ ಎಲ್ಲರ ಹೆಸರು ಬರೆದಿದ್ದರು. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಮರೆತುಹೋಗಿದ್ದ ಆ ವಹಿಗಳು 2021ರಲ್ಲಿ ಜನರ ಮುಂದೆ ಬಂದವು, ಸುಮಾರು 3.2 ಲಕ್ಷ ಸೈನಿಕರ ವಿವರ ಅವುಗಳಲ್ಲಿದೆ, ಮೊಮ್ಮಕ್ಕಳು ಮರಿಮಕ್ಕಳು ಅಜ್ಜಂದಿರನ್ನು ಹುಡುಕಿಕೊಳ್ಳುತ್ತಿದ್ದಾರೆ. ಅಮೆರಿಕದ ಸಂಸತ್ತು 2000ರಲ್ಲಿ ಕಾನೂನು ಮಾಡಿ ತನ್ನ ರಾಷ್ಟ್ರೀಯ ಗ್ರಂಥಾಲಯಕ್ಕೆ ಮಾಜಿ ಸೈನಿಕರ ಮಾತುಗಳನ್ನು ಸಂಗ್ರಹಿಸುವ ಹೊಣೆ ಒಪ್ಪಿಸಿತು. ಈಗ ಅಲ್ಲಿ ಲಕ್ಷಕ್ಕೂ ಹೆಚ್ಚು ಮಂದಿಯ ನೆನಪುಗಳಿವೆ, ಬಹುಪಾಲು ಸಾಮಾನ್ಯ ಸೈನಿಕರವು. ನಮ್ಮಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಆಗಲೇ ಇದೆ. ಸೈನಿಕ ಕಲ್ಯಾಣ ಇಲಾಖೆಯಲ್ಲಿ ಹೆಸರು-ವಿಳಾಸ ಇವೆ. ತಾಲ್ಲೂಕುಗಳಲ್ಲಿ ಮಾಜಿ ಸೈನಿಕರ ಸಂಘಗಳಿವೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಪದವಿ ಕಾಲೇಜುಗಳಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರಿದ್ದಾರೆ, ಅವರ ಕೈಯಲ್ಲಿ ಮಾತು ದಾಖಲಿಸುವ ಮೊಬೈಲ್ ಇದೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಪ್ರತಿ ಇಡಬಹುದು, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಒಟ್ಟು ಸಂಗ್ರಹ ಕಾಪಾಡಬಹುದು. ಹೀಗೆ ದಾಖಲಾದ ಅನುಭವ ಮುಂದೆ ಕೆಲಸಕ್ಕೂ ಬರುತ್ತದೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರಲ್ಲಿ ನಾಲ್ಕು ವರ್ಷದ ಮೇಲೆ ಉಳಿಸಿಕೊಳ್ಳುವುದು ನಾಲ್ಕರಲ್ಲಿ ಒಬ್ಬರನ್ನು. ಉಳಿದ ಮೂವರು ಇಪ್ಪತ್ತೈದರ ಆಸುಪಾಸಿನಲ್ಲೇ, ಪೆನ್ಶನ್ ಇಲ್ಲದೆ, ಇದೇ ಊರುಗಳಿಗೆ ಬಂದು ಅರ್ಧ ಶತಮಾನ ಬಾಳಬೇಕು. ಮರಳಿ ಬಂದ ಸೈನಿಕ ಸಂಸಾರಕ್ಕೆ, ಊರಿಗೆ ಹೇಗೆ ಹೊಂದಿಕೊಳ್ಳುತ್ತಾನೆ ಎಂಬ ಹಿರಿಯರ ಅನುಭವ ಅವರಿಗಿಂತ ಹೆಚ್ಚಾಗಿ ಬೇರೆ ಯಾರಿಗೂ ಬೇಕಿಲ್ಲ.

ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ವಯಸ್ಸೇ ಹೇಳುತ್ತದೆ. 1962ರಲ್ಲಿ ಹದಿನೆಂಟಿದ್ದವನಿಗೆ ಈಗ ಎಂಬತ್ತು ದಾಟಿದೆ, 1965ರವನು ಎಂಬತ್ತರ ಅಂಚಿನಲ್ಲಿದ್ದಾನೆ, 1971ರವನಿಗೂ ಎಪ್ಪತ್ತರ ಮೇಲೆ. ಮೊದಲು 1962 ಮತ್ತು 1965ರವರ ಮನೆಗೆ ಹೋಗಬೇಕು. ಅವರು ತೀರಿಕೊಂಡಿದ್ದರೆ ಹೆಂಡತಿ ಇದ್ದಾಳೆ, ಟ್ರಂಕಿನಲ್ಲಿ ಕಾಗದಗಳು ಮತ್ತು ಬಿಡುಗಡೆ ಪುಸ್ತಕ ಇವೆ. ಪ್ರಶ್ನೆಗಳನ್ನು ಯುದ್ಧದಿಂದ ಶುರು ಮಾಡುವ ಅಗತ್ಯವಿಲ್ಲ. ಊರಿಗೆ ಬಂದ ಮೊದಲ ವರ್ಷ ಹೇಗಿತ್ತು ಎಂದು ಕೇಳಿದರೆ ಸಾಕು. ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ಕೇಳಬೇಕು, ಬೇರೆ ಬೇರೆಯಾಗಿಯೂ ಕೇಳಬೇಕು. ಐದೂ ತಾಲ್ಲೂಕುಗಳ ಸಂಘಗಳು ಮತ್ತು ಕಾಲೇಜುಗಳು ಹಿರಿಯರ ಪಟ್ಟಿಯನ್ನು ವಯಸ್ಸಿನ ಕ್ರಮದಲ್ಲಿ ಸಿದ್ಧಮಾಡಿಕೊಂಡರೆ, ಜೀವನ ಪ್ರಮಾಣ ಪತ್ರಕ್ಕೆಂದು ಅವರು ಬ್ಯಾಂಕಿಗೆ ಬರುವ ನವೆಂಬರಿನಲ್ಲೇ ಮೊದಲ ಭೇಟಿಗೆ ದಿನ ಗೊತ್ತುಮಾಡಬಹುದು.